ಏಳನೆಯ ಟೈರು

ಬೆಳಗಿನ ಏಳು ಗಂಟೆಗೆ ಕೌಲ್ ಬಜಾರಿನ ಓಣಿಯ ಬಾಯಲ್ಲಿ ಅದಿರು ತುಂಬಿದ ಹತ್ತು ಗಾಲಿಯ ಲಾರಿ ನಿಲ್ಲಿಸಿ, ದುರುಗಣ್ಣ ಬೇಸ್‌ಬಾಲ್ ಬ್ಯಾಟು ಹಿಡಿದು ಪಕ್ಕದಲ್ಲೇ ಇದ್ದ ಶೇಕ್ಷಾವಲಿಯ ಮನೆ ಬಾಗಿಲಿಗೆ ಬಂದ. ಬಳ್ಳಾರಿಯಲ್ಲಿ ಮನುಷ್ಯರಿಗಿಂತ ಲಾರಿಗಳೇ ಹೆಚ್ಚಾಗಿ, ಧೂಳಿಗೆ ಬಿಳಿ ಕೋಳಿಗಳು ಕೆಂಪು ಮೊಟ್ಟೆ ಇಡುತ್ತಿದ್ದ ಕಾಲವದು. ಮೂರು ದಿನದಿಂದ ದುರುಗಣ್ಣನ ರೆಪ್ಪೆಗೆ ರೆಪ್ಪೆ ಕೂಡಿರಲಿಲ್ಲ. ಅವನ ದಣಿವನ್ನು ತೂಕಕ್ಕೆ ಹಾಕಿದ್ದರೆ ಅದೊಂದಕ್ಕೇ ಓವರ್‌ಲೋಡ್ ದಂಡ ಬೀಳುತ್ತಿತ್ತು. ಅಂಗಿಯ ಜೇಬಿನಲ್ಲಿ ಸಕ್ಕರೆ ಕಾಯಿಲೆಯ ಮಾತ್ರೆಗಳು, ಅವುಗಳ ಪಕ್ಕದಲ್ಲಿ ಬಿಡದೆ ಗುಂಯ್‌ಗುಡುವ ಮಾಲೀಕನ ಫೋನು.

ಲಾರಿ ಶೇಕ್ಷಾವಲಿ ಓಡಿಸುತ್ತಿದ್ದದ್ದು. ಎರಡು ತಿಂಗಳ ಹಿಂದೆ ಗಣಿಯ ಮುಂದಿನ ಲಾರಿ ಸಾಲಿನಲ್ಲಿ ಸ್ಟೀರಿಂಗಿನ ಮೇಲೆ ತಲೆಯಿಟ್ಟವನು ಮತ್ತೆ ಎತ್ತಲಿಲ್ಲ. ಮಾಲೀಕ ಕೀಲಿಯನ್ನು ಶೇಕ್ಷಾವಲಿಯ ಬಾಲ್ಯದ ಗೆಳೆಯ ದುರುಗಣ್ಣನಿಗೆ ಕೊಟ್ಟ. ಸೀಟಿನ ಹಿಂದೆ ಸತ್ತವನ ಬ್ಯಾಟು ಹಾಗೇ ಇತ್ತು. ಬಂದರಿನ ದಾರಿ ಹಿಡಿಯುವ ಮೊದಲು ಅದನ್ನು ಮನೆಗೆ ಮುಟ್ಟಿಸಿಬಿಡೋಣವೆಂದು ಬಂದಿದ್ದ.

ಬಾಗಿಲಲ್ಲಿ ಮಗಳು ನಿಶಾತ್ ನಿಂತಿದ್ದಳು. ಹೆಂಡತಿ ಮದಾರಬೀ ಪರದೆಯ ಹಿಂದಿದ್ದಳು. ಗಂಡ ಸತ್ತ ಮೇಲೆ ನಾಲ್ಕು ತಿಂಗಳು ಹತ್ತು ದಿನ ಪರಗಂಡಸರೆದುರು ಬಾರದ ಇದ್ದತ್ತಿನ ದಿನಗಳು. ಪರದೆಗೆ ಹೇಳಲು ಮಾತು ತೋಚದೆ ದುರುಗಣ್ಣ ತನ್ನ ಹಳೆಯ ಕಥೆಯನ್ನೇ ತೆಗೆದ. ಕುರುಗೋಡಿನ ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರು ಬೇಸ್‌ಬಾಲ್ ಕಲಿಸಿದ್ದು, ಸಿರುಗುಪ್ಪದ ಪಂದ್ಯದಲ್ಲಿ ಶೇಕ್ಷಾವಲಿ ಇದೇ ಬ್ಯಾಟಿನಿಂದ ಬಾರಿಸಿದ ಚೆಂಡು ಗಡಿ ದಾಟಿ ಆಂಧ್ರದಲ್ಲಿ ಬಿದ್ದದ್ದು, ವಾಪಸ್ ತರಲು ಪರ್ಮಿಟ್ ಬೇಕಾದದ್ದು. ಹೇಳಿದಾಗಲೆಲ್ಲ ಆ ಚೆಂಡು ಒಂದೊಂದು ಊರು ಮುಂದೆ ಹೋಗುತ್ತಿತ್ತು. ಇವತ್ತು ಹೇಳುವವನ ದಣಿವಿಗೆ ಸಿರುಗುಪ್ಪದ ಭತ್ತದ ಗದ್ದೆಯಲ್ಲೇ ಬಿತ್ತು.

ಉಳಿದದ್ದಕ್ಕೆ ಸುಳ್ಳು ಬೆರೆಸುವ ಅಗತ್ಯವೇ ಇರಲಿಲ್ಲ. ಶೇಕ್ಷಾವಲಿ ಉರುಸಿನಲ್ಲಿ ತಬಲಾ ಬಾರಿಸುತ್ತಿದ್ದ. ಎಷ್ಟು ದೂರದಲ್ಲಿದ್ದರೂ ಶುಕ್ರವಾರ ಬಂದು ಗ್ರೀಸು ತೊಳೆದ ಕೈಯಿಂದ ಮಗಳಿಗೆ ಜಡೆ ಹಾಕುತ್ತಿದ್ದ. ಹೊರಡುವ ದಿನ ಸುತ್ತಿಗೆಯಿಂದ ತಬಲಾ ಶ್ರುತಿ ಮಾಡುವವರ ಹಾಗೆ, ಇದೇ ಬ್ಯಾಟಿನಿಂದ ಹತ್ತೂ ಟೈರುಗಳನ್ನು ತಟ್ಟಿ ಗಾಳಿ ನೋಡುತ್ತಿದ್ದ.

"ಅಣ್ಣಾ," ಪರದೆ ಮಾತಾಡಿತು. "ಅದನ್ನ ಒಳಗ ಕೊಡೋಕಿಂತ ಮುಂಚೆ ಒಂದ್ಸಲ ಟೈರ್ ಬಡೀರಿ. ಆ ಸದ್ದು ಕೇಳಿ ಎರಡು ತಿಂಗಳಾತು."

ಫೋನು ಮತ್ತೆ ಗುಂಯ್ ಎಂದಿತು. ದುರುಗಣ್ಣ ಅದನ್ನು ಜೇಬಿನಲ್ಲೇ ಅದುಮಿ, ಕಾಲೆಳೆಯುತ್ತ ಹೋಗಿ ಒಂದೊಂದೇ ಟೈರು ಬಡಿಯುತ್ತ ಬಂದ. ಏಳನೆಯದಕ್ಕೆ ನಿಶಾತ್ ಅಮ್ಮನ ಮಾತು ಹೊತ್ತು ಓಡಿ ಬಂದಳು. ನಿಲ್ಲಬೇಕಂತೆ, ಅದನ್ನೇ ಇನ್ನೊಮ್ಮೆ ಬಡಿಯಬೇಕಂತೆ. ಬಡಿದ.

"ಅದು ಸುಳ್ಳು ಹೇಳಾಕ ಹತ್ತೈತಿ," ಒಳಗಿನಿಂದ ಮದಾರಬೀ ಎಂದಳು.

ತನಗೇ ಅಂದಳೆಂದು ದುರುಗಣ್ಣ ಬ್ಯಾಟು ಕೆಳಗಿಳಿಸಿದ. ಆಮೇಲೆ, "ಎಲ್ಲಾದರದ್ದೂ ಒಂದೇ ಸದ್ದು ತಂಗೀ. ನಾನು ಕಣ್ಣಿಲೆ ನೋಡೀನಿ," ಎಂದ.

"ನಾನು ಇಪ್ಪತ್ತು ವರ್ಷದಾಗ ಒಮ್ಮೆನೂ ನೋಡಿಲ್ಲ ಅಣ್ಣಾ. ಒಲಿ ಮುಂದ ಕುಂತು ಕೇಳೀನಿ. ಹತ್ತೂ ಸರಿಯಾಗಿ ಅಂದ ಮ್ಯಾಲೇ ಅವರ ಚಾಕ್ಕ ಸಕ್ರಿ ಹಾಕ್ತಿದ್ದೆ."

ದುರುಗಣ್ಣ ನೆಲಕ್ಕೆ ಮಲಗಿ ಲಾರಿಯಡಿ ತೂರಿದ. ಎಡಗಡೆಯ ಹಿಂದಿನ ಒಳಟೈರು. ಅದಿರಿನ ಕಲ್ಲು ಕಚ್ಚಿ ಒಳಗಿನ ನೂಲು ಹೊರಬಿದ್ದಿತ್ತು, ಗಾಳಿ ಅರ್ಧಕ್ಕೆ ಇಳಿದಿತ್ತು. ಪಕ್ಕದ ಟೈರು ಅದರ ಭಾರವನ್ನೂ ತಾನೇ ಹೊತ್ತು ಗುಟ್ಟು ಮುಚ್ಚಿಟ್ಟಿತ್ತು. ಘಟ್ಟದ ಮೊದಲ ಇಳಿಜಾರಿನಲ್ಲಿ ಎರಡೂ ಕೈಬಿಡುತ್ತಿದ್ದವು. ಅವನು ಸ್ವಲ್ಪ ಹೊತ್ತು ಹಾಗೇ ಅಂಗಾತ ಮಲಗಿದ್ದ. ಏಳಲು ಮನಸ್ಸೇ ಬರಲಿಲ್ಲ.

ಜಾಕು ಕೊಟ್ಟು ಸ್ಟೆಪ್ನಿ ಹಾಕುವಷ್ಟರಲ್ಲಿ ಮಾಲೀಕ ಸಾವಿರದ ಒಂದು ಸಲ ಫೋನು ಮಾಡಿದ್ದ. ದುರುಗಣ್ಣ ಮತ್ತೆ ಮೊದಲಿನಿಂದ ಬಡಿದ. ಏಳು ಕಳೆಯಿತು, ಎಂಟು, ಒಂಬತ್ತು. ಹತ್ತನೆಯ ಸದ್ದಿನ ಹಿಂದೆಯೇ ಒಳಗೆ ಚಮಚೆ ಲೋಟಕ್ಕೆ ತಾಗಿದ್ದು ಕೇಳಿಸಿತು.

ನಿಶಾತ್ ಚಹಾ ತಂದಳು. "ಬ್ಯಾಟು ಲಾರಿದಾಗೇ ಇರ್ಲಂತ ಮಾಮಾ. ಹೋಗೋ ಮುಂದ ಪ್ರತಿಸಲ ಇಲ್ಲೇ ನಿಲ್ಲಿಸಿ ಬಡೀಬೇಕಂತ."

ಚಹಾದಲ್ಲಿ ಶೇಕ್ಷಾವಲಿಯ ಅಳತೆಯ ನಾಲ್ಕು ಚಮಚ ಸಕ್ಕರೆ ಇತ್ತು. ಜೀವಮಾನದಲ್ಲಿ ಮೊದಲ ಬಾರಿಗೆ ದುರುಗಣ್ಣನ ನಾಲಿಗೆಯ ತುದಿಗೆ ಒಂದು ನಿಜ ಬಂದು ನಿಂತಿತ್ತು. ಅವನು ಜೇಬಿನ ಮಾತ್ರೆಗಳ ಮೇಲೆ ಅಂಗೈ ಇಟ್ಟುಕೊಂಡು, ತಳದ ಸಕ್ಕರೆಯ ಸಮೇತ ಚಹಾದೊಡನೆ ಆ ನಿಜವನ್ನೂ ಕುಡಿದುಬಿಟ್ಟ.