ಗಂಟೆ ನಿಲ್ಲುವ ತನಕ

ವೇಲ್ಸ್ ಗಡಿಯ ಸಂತೆಪೇಟೆಯೊಂದರಲ್ಲಿ ಹಿಂದೆ ಹೀಗೊಂದು ಕಟ್ಟಳೆಯಿತ್ತಂತೆ: ಸಂಜೆಯ ಗಂಟೆ ನಿಂತೊಡನೆ ವೇಲ್ಸ್‌ನವರೆಲ್ಲ ಕೋಟೆಯ ಹೊರಗಿರಬೇಕು.

ಅಂದು ಹೊರಗೆ ಹಿಮ ಸುರಿಯುತ್ತಿತ್ತು. ಉಣ್ಣೆ ಮಾರಲು ಬಂದಿದ್ದ ವೇಲ್ಸ್‌ನ ಹೆಂಗಸೊಬ್ಬಳು ಇಗರ್ಜಿಯ ಜಗಲಿಯಲ್ಲಿ ಹೆರಿಗೆನೋವಿನಿಂದ ನರಳುತ್ತಿದ್ದಳು. ಮೇಲೆ ಗೋಪುರದಲ್ಲಿ ಗಂಟೆ ಬಾರಿಸುವ ಮುದುಕ ವಾಲ್ಟರ್ ದೇವರನ್ನು ನೆನೆದು ಹಗ್ಗ ಎಳೆಯಲು ಶುರುಮಾಡಿದವನು ನಿಲ್ಲಿಸಲೇ ಇಲ್ಲ. ಅಂಗೈ ಸುಲಿಯಿತು, ತೋಳು ಸೋತಿತು. ಕೆಳಗೆ ನರಳಾಟ ಮುಗಿದಿರಲಿಲ್ಲ.

ಹೆಬ್ಬಾಗಿಲು ಕಾಯುವ ಸರದಾರ ಮೆಟ್ಟಿಲು ಹತ್ತಿ ಬಂದ.

"ಏನೋ ಮುದುಕಾ, ನಿನ್ನ ಕೈಗೆ ದೆವ್ವ ಹಿಡಿದಿದೆಯೇನೋ?"

"ಇನ್ನೊಂದು ಗಳಿಗೆ, ಒಡೆಯಾ! ಈ ಚಳೀಲಿ ಹೊರಗೆ ಹಾಕಿದ್ರೆ ಎರಡು ಜೀವ ಹೋಗ್ತವೆ."

"ಕಟ್ಟಳೆ ಗೊತ್ತಿಲ್ವಾ ನಿಂಗೆ?"

"ಗೊತ್ತು. ಗಂಟೆ ಇನ್ನೂ ನಿಂತಿಲ್ವಲ್ಲ."

ಸರದಾರ ಮುದುಕನನ್ನು ಪಕ್ಕಕ್ಕೆ ತಳ್ಳಿ ಹಗ್ಗ ಕಿತ್ತುಕೊಂಡ. ಒಂದು ಬಡಿತವೂ ತಪ್ಪದಂತೆ ತಾನೇ ಬಾರಿಸತೊಡಗಿದ.