ಹಿಲ್ಡಮ್ಮನ ಗಳ

"ನಾಳೆ ಬೆಳಿಗ್ಗೆ ಐದಕ್ಕೆ ಒಲೆ ಹೊತ್ತಿರಬೇಕು ಮರುಳಪ್ಪ. ತಪ್ಪಿದ್ರೆ ನೀನು ನಿನ್ನ ಮ್ಯಾಂಚೆಸ್ಟರಿಗೇ ಹೋಗು," ಎಂದು ಬಸ್ಸಿನ ಸಾಹುಕಾರ ಶಿವಮೂರ್ತಪ್ಪ ಬಾಗಿಲಿಗೇ ಬಂದು ಹೇಳಿ ಹೋದರು. ಒಳಗಿದ್ದ ಹೆಂಡತಿ ಭೀಮಕ್ಕ ಕೈಲಿದ್ದ ಕೆಲಸ ಬಿಟ್ಟು ಬಾಗಿಲಿಗೆ ಬಂದಳು.

ಯುದ್ಧದ ಕಾಲ. ಪೆಟ್ರೋಲಿಗೆ ಬರ, ಬಸ್ಸು ಓಡುವುದು ಇದ್ದಿಲ ಗ್ಯಾಸಿನಲ್ಲಿ. ಬಸ್ಸಿನ ಬೆನ್ನಿಗೆ ಕಟ್ಟಿದ ಇದ್ದಿಲ ಒಲೆಯನ್ನು ಒಂದು ತಾಸು ಮುಂಚೆ ಹೊತ್ತಿಸಿದರೇನೇ ಆರಕ್ಕೆ ಚನ್ನಗಿರಿ ಬಿಟ್ಟು ಶಿವಮೊಗ್ಗದ ದಾರಿ ಹಿಡಿದೀತು. ಹೊತ್ತಿಸಬೇಕಾದ ಅವಳ ಗಂಡನೋ, ಕುಂಭಕರ್ಣನ ಖಾಸಾ ತಮ್ಮ. ಕಾರ್ಖಾನೆ ಕೆಲಸ ಕಲಿಯಲೆಂದು ಸರ್ಕಾರ ಅವನನ್ನು ಎಂಟು ತಿಂಗಳು ಇಂಗ್ಲೆಂಡಿನ ಮ್ಯಾಂಚೆಸ್ಟರಿಗೆ ಕಳಿಸಿತ್ತು. ಬಂದ ಮೇಲೆ ಆ ಎಂಟು ತಿಂಗಳನ್ನು ಹೋಟೆಲಿನಲ್ಲಿ ಕೂತು ಎಂಬತ್ತು ವರ್ಷದಷ್ಟು ಉದ್ದ ಮಾಡಿ ಹೇಳುತ್ತಿದ್ದ.

"ಅಲ್ಲಿ ಒಂದಿನಾನೂ ಲೇಟಾಗಿಲ್ಲ ಕಣೇ," ಎಂದ. "ಹಿಲ್ಡಮ್ಮ ಅಂತ ಒಬ್ಬ ಮುದುಕಿ ಇದ್ಲು. ಕೂಲಿಯವರ ಓಣಿಗೆ ಬಂದು ಉದ್ದನೆ ಗಳ ಹಿಡ್ಕೊಂಡು ಮನೆಮನೆ ಕಿಟಕಿ ಗಾಜಿಗೆ ಟಕ್ ಟಕ್ ಅಂತ ಬಡಿಯೋಳು. ಜನಾನ ಎಬ್ಸೋದೇ ಅವಳ ಕಸುಬು. ಆಹಾ, ಆ ಸದ್ದಿಗೆ ಹೆಣಾನೂ ಎದ್ದು ಕೂರ್ತಿತ್ತು! ಇಲ್ಲೇನೈತೆ? ಕೋಳಿ! ಕೋಳಿ ಮಾತಿಗೆ ಯಾರು ಬೆಲೆ ಕೊಡ್ತಾರೆ?"

ಹೇಳುತ್ತ ಹೇಳುತ್ತ ಅವನ ಕಣ್ಣು ನಿಜಕ್ಕೂ ತುಂಬಿತು. ಭೀಮಕ್ಕನಿಗೆ ಮಾತ್ರ ಬಸ್ಸಿನ ಒಲೆ ಆರಿದರೆ ಮನೆಯ ಒಲೆಯೂ ಆರುತ್ತದೆ ಎಂಬ ಚಿಂತೆ. ಮನೆಗೆ ಗಾಜಿನ ಕಿಟಕಿ ಎಲ್ಲಿಂದ ಬರಬೇಕು? ಬೆಳಕಿಗೆಂದು ಮಾಡಿನಲ್ಲಿ ಒಂದೇ ಒಂದು ಗಾಜಿನ ಹೆಂಚಿತ್ತು. ಪಕ್ಕದ ಮನೆಯಿಂದ ಅಡಿಕೆ ಗೊನೆ ಕೀಳುವ ಕೊಕ್ಕೆಯ ದೋಟಿಯನ್ನು ಕೇಳಿ ತಂದಳು.

ಮರುದಿನ ಬೆಳಗಿನ ಜಾವ ನಾಲ್ಕೂವರೆಗೆ ಅಂಗಳದಲ್ಲಿ ನಿಂತು ಹೆಂಚಿಗೆ ಟಕ್ ಟಕ್ ಎನಿಸಿದಳು. "ಗುಡ್ ಮಾರ್ನಿಂಗ್ ಹಿಲ್ಡಮ್ಮಾ!" ಎಂದು ಒಳಗಿಂದ ಕೂಗು ಬಂತು. ಬದುಕಿದೆ ಎಂದುಕೊಂಡು ಇಣುಕಿದರೆ, ಮರುಳಪ್ಪ ಕಣ್ಣು ಮುಚ್ಚಿಕೊಂಡೇ ಮಾಡಿನತ್ತ ಕೈ ಬೀಸಿ, ಮತ್ತೆ ಕಂಬಳಿ ಹೊದ್ದು ಮಲಗುತ್ತಿದ್ದ.

"ಅಯ್ಯೋ, ಎದ್ದಿದ್ರಲ್ರೀ!"

"ಅಲ್ಲೂ ಹಿಂಗೇ ಕಣೇ. ಆಮೇಲೆ ಮನೆ ಓನರಮ್ಮ ಬಂದು ಕಂಬಳಿ ಎಳೆಯೋಳು."

ಈ ಭಾಗವನ್ನು ಅವನು ಹೋಟೆಲಿನಲ್ಲಿ ಯಾವತ್ತೂ ಹೇಳಿರಲಿಲ್ಲ! ಭೀಮಕ್ಕ ಕಂಬಳಿಗೆ ಕೊಕ್ಕೆ ಸಿಕ್ಕಿಸಿ ಎಳೆದವಳೇ ಬೀದಿಗಿಳಿದಳು. ಮುಂದೆ ದೋಟಿಯ ತುದಿಯಲ್ಲಿ ಕಂಬಳಿ, ಹಿಂದೆ ಚಡ್ಡಿಯಲ್ಲಿ ಮರುಳಪ್ಪ, ಬಸ್ ಸ್ಟ್ಯಾಂಡಿನವರೆಗೂ ಮೆರವಣಿಗೆ. ಐದಕ್ಕೆ ಸರಿಯಾಗಿ ಒಲೆ ಹೊತ್ತಿತು. ಬೈಯಲೆಂದೇ ಕಾದು ನಿಂತಿದ್ದ ಸಾಹುಕಾರರು ನಕ್ಕು ನಕ್ಕು, ಅದನ್ನೇ ಮರೆತರು.

ಸಂಜೆ ಮರುಳಪ್ಪ ಕುಣಿಯುತ್ತ ಮನೆಗೆ ಬಂದ. "ಥೇಟ್ ಮ್ಯಾಂಚೆಸ್ಟರ್ ಕಣೇ! ಹಿಲ್ಡಮ್ಮನೂ ನೀನೇ, ಓನರಮ್ಮನೂ ನೀನೇ!"

ಭೀಮಕ್ಕ ಮದುವೆಯಾಗಿ ಬಂದಂದಿನಿಂದ ನಾಲ್ಕಕ್ಕೇ ಏಳುವವಳು. ಅವಳನ್ನು ಯಾರು ಎಬ್ಬಿಸುತ್ತಾರೆಂದು ಈವರೆಗೆ ಯಾರೂ ಕೇಳಿರಲಿಲ್ಲ. ಕಂಬಳಿಯನ್ನು ತನ್ನ ಹೆಗಲಿಗೆ ಹಾಕಿಕೊಂಡು ದೋಟಿಯನ್ನು ಗಂಡನ ಕೈಗಿತ್ತಳು.

"ನಾಳೆ ನೀವು ಬಡೀರಿ. ನಾನೂ ಒಂದಿನ ಮ್ಯಾಂಚೆಸ್ಟರ್ ನೋಡ್ತೀನಿ."