ಇನ್‌ಕ್ಯುಬೇಟರಿಗೊಂದು ಹಾರ

ಸಂಶೋಧಕರೊಬ್ಬರು ಕೇಳಿದ್ದ ಮಾನೋಕ್ಲೋನಲ್ ಆ್ಯಂಟಿಬಾಡಿಗಾಗಿ, ಅಂದರೆ ಒಂದೇ ಜೀವಕೋಶದ ಸಂತತಿ ತಯಾರಿಸುವ ಪ್ರತಿಕಾಯಕ್ಕಾಗಿ, ವಾರಿಜಾ ವರ್ಷವಿಡೀ ಹೆಣಗಿದ್ದಳು. ಇಲಿಯಿಂದ ತೆಗೆದ ಸಾವಿರಾರು ಜೀವಕೋಶಗಳಲ್ಲಿ ಅದನ್ನು ತಯಾರಿಸುವಂಥದ್ದು ಒಂದೇ ಒಂದು ಸಿಕ್ಕಿತ್ತು. ಇಲಿಯಂತೂ ಸತ್ತಾಗಿತ್ತು. ಇನ್‌ಕ್ಯುಬೇಟರಿನ ಕಾವು ತಪ್ಪಿದರೆ ಆ ಕೋಶವೂ ಇಲ್ಲ. ದೇವರನ್ನು ನಂಬದವಳು, ಹಬ್ಬಕ್ಕೆ ಊರಿಗೆ ಬಂದಮೇಲೆ ತಡೆಯಲಾರದೆ ಲ್ಯಾಬಿನ ಹೊಸ ಅಟೆಂಡರ್ ಪುಟ್ಟಮಾದಯ್ಯನಿಗೆ ಫೋನು ಮಾಡಿದಳು.

"ಆಯುಧಪೂಜೆ ಆಯ್ತಾ ಮಾದಯ್ಯ? ನನ್ನ ಇನ್‌ಕ್ಯುಬೇಟರಿಗೂ ಮಾಡಿದ್ರಾ?"

"ಅದಕ್ಕೇ ಮೊದ್ಲು ಮಾಡ್ದೆ ಮೇಡಮ್ಮೋರೆ. ಒರೆಸಿ, ಕುಂಕುಮ ಇಟ್ಟು, ದೊಡ್ಡ ಹಾರಾನೇ ಹಾಕಿವ್ನಿ."

"ಬಾಗಿಲು ತೆಗ್ದಿಲ್ಲ ತಾನೇ?"

"ಅಯ್ಯೋ, ಇಲ್ಲ ಬುಡಿ."

ಅವಳಿಗೆ ಹೋದ ಜೀವ ಬಂದಂತಾಯಿತು.

"ನೆನ್ನೆ ಸಂಜೇನೇ ಸ್ವಿಚ್ಚು ಆಫ್ ಮಾಡಿವ್ನಿ ಮೇಡಮ್ಮೋರೆ. ಹಬ್ಬದ ದಿವ್ಸ ಮಿಷಿನ್ನಿಗೆ ಕೆಲ್ಸ ಕೊಡಕ್ಕಾಯ್ತದಾ?"